ಇದ್ದಿಲಿನ ಕಬ್ಬಿಣ, ಹೊರಗಿನ ಕಾಗದ

ಭದ್ರಾವತಿಯ ಕಾರ್ಖಾನೆಗಳ ಮಾತು ಬಂದಾಗಲೆಲ್ಲ 1991ರ ಉದಾರೀಕರಣವನ್ನು ಬೈದು ಸುಮ್ಮನಾಗುವುದು ನಮ್ಮ ಕಡೆ ರೂಢಿ. ಆದರೆ ಹೊರದೇಶದ ಸರಕಿನ ಮೊದಲ ಪೆಟ್ಟು ಆ ಊರಿಗೆ ಬಿದ್ದದ್ದು ಅದಕ್ಕಿಂತ ಆರೂವರೆ ದಶಕ ಮೊದಲು, ಕಾರ್ಖಾನೆ ಶುರುವಾಗಿ ಕೆಲವೇ ವರ್ಷಗಳಾಗಿದ್ದಾಗ. ಪೆಟ್ಟು ಕೊಟ್ಟದ್ದು ಪರದೇಶದ ಕಬ್ಬಿಣವೂ ಅಲ್ಲ, ಜರ್ಮನಿಯ ಒಂದು ರಾಸಾಯನಿಕ ಕಾರ್ಖಾನೆ ಹೊಸದಾಗಿ ತಯಾರಿಸಲು ಕಲಿತ ಮೀಥೈಲ್ ಆಲ್ಕೋಹಾಲ್. ಆ ಏಟನ್ನು ಭದ್ರಾವತಿ ತಡೆದುಕೊಂಡಿತು. ಆಮೇಲಿನವನ್ನು ಯಾಕೆ ತಡೆದುಕೊಳ್ಳಲಿಲ್ಲ ಎಂಬುದೇ ಈ ಚರಿತ್ರೆಯಲ್ಲಿ ಕೇಳಬೇಕಾದ ಪ್ರಶ್ನೆ.

ಕಬ್ಬಿಣ ಕಾಯಿಸುವುದು ಮೈಸೂರು ಸೀಮೆಗೆ ಹೊಸ ವಿದ್ಯೆಯಾಗಿರಲಿಲ್ಲ. 1800-01ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿ, ಮಧುಗಿರಿ ಕಡೆಯ ಹಳ್ಳಿಗಳಲ್ಲಿ ಮಣ್ಣಿನ ಕುಲುಮೆಗಳನ್ನೂ ತಿದಿಗಳನ್ನೂ ಮೂಸೆಯಲ್ಲಿ ಉಕ್ಕು ಮಾಡುವ ಕ್ರಮವನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಚನ್ನಪಟ್ಟಣದಲ್ಲಿ ಎಳೆದ ಉಕ್ಕಿನ ತಂತಿ ವಾದ್ಯಗಳಿಗೆಂದು ದೂರದೂರಕ್ಕೆ ಹೋಗುತ್ತಿತ್ತು. ಇಂಗ್ಲೆಂಡಿನಿಂದ ಅಗ್ಗದ ಕಬ್ಬಿಣದ ಪಟ್ಟಿ ಬರತೊಡಗಿದ ಮೇಲೆ ಊರ ಕಮ್ಮಾರನೇ ಅದನ್ನು ಕೊಂಡ. ತಟ್ಟುವ ಕೆಲಸ ಉಳಿಯಿತು, ಕಾಯಿಸುವ ಕೆಲಸ ಹೋಯಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ನೇಗಿಲ ಗುಳದ ಕಬ್ಬಿಣವೂ ಹಡಗಿನಿಂದ ಇಳಿದದ್ದಾಗಿತ್ತು.

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರು ಆಲೋಚಿಸಿದ್ದು ಇದರ ಎದುರು ದಾರಿಯನ್ನು. ಬಾಬಾಬುಡನ್ ಬೆಟ್ಟದ ಕೆಮ್ಮಣ್ಣುಗುಂಡಿಯಲ್ಲಿ ಅದಿರಿದೆ, ಭಂಡಿಗುಡ್ಡದಲ್ಲಿ ಸುಣ್ಣಕಲ್ಲಿದೆ, ಭದ್ರಾ ನದಿಯಲ್ಲಿ ನೀರಿದೆ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ಬಂದ ರೈಲು ಬೆಂಕಿಪುರದ ಮೇಲೆ ಹಾದುಹೋಗುತ್ತದೆ. ಇಲ್ಲದ್ದು ಒಂದೇ, ಕಲ್ಲಿದ್ದಲು. ಅದು ಬಂಗಾಳ, ಬಿಹಾರದಿಂದ ಬರಬೇಕು. ಸಾಗಣೆಯ ಖರ್ಚೇ ಕಬ್ಬಿಣದ ಬೆಲೆಯನ್ನು ನುಂಗಿಹಾಕುತ್ತದೆ. ಹಾಗಾಗಿ ಮಲೆನಾಡಿನ ಕಾಡನ್ನೇ ಉರುವಲು ಮಾಡುವ ಯೋಜನೆ ಸಿದ್ಧವಾಯಿತು. ನ್ಯೂಯಾರ್ಕಿನ ಎಂಜಿನಿಯರ್ ಸಿ.ಪಿ. ಪೆರಿನ್ ಸಲಹೆ ಕೊಟ್ಟರು, ಕಟ್ಟುವ ಹೊಣೆ ಟಾಟಾದವರ ಕೈಗೆ ಹೋಯಿತು. ಬೆಂಕಿಪುರ ಭದ್ರಾವತಿಯಾಯಿತು. 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು.

ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮುಂಚೆ ಮರದ ಭಟ್ಟಿ ಇಳಿಸುವಿಕೆಯೇ ಬರುತ್ತಿತ್ತು: ಮೈಸೂರ್ ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಆ ಕೆಲಸ ನಡೆಯುತ್ತಿದ್ದ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಾಡಿನಿಂದ ಬಂದ ಕಟ್ಟಿಗೆಯನ್ನು ಒಣಗಿಸಿ, ಕಬ್ಬಿಣದ ಬಂಡಿಗಳಲ್ಲಿ ತುಂಬಿ, ಉದ್ದನೆಯ ಒಲೆಗಳೊಳಗೆ ತಳ್ಳಿ ಬಾಗಿಲು ಭದ್ರ ಮಾಡುವುದು. ಒಳಗೆ ಗಾಳಿ ಆಡಬಾರದು. ಆಡಿದರೆ ಮರ ಉರಿದು ಬೂದಿಯಾಗುತ್ತದೆ. ಹೊರಗಿನಿಂದ ಕಾವು ಕೊಟ್ಟರೆ ಮರ ಬೇಯುತ್ತ ಹೊಗೆ ಬಿಡುತ್ತದೆ. ಆ ಹೊಗೆಯನ್ನು ಕೊಳವೆಗಳಲ್ಲಿ ಹಿಡಿದು ತಣಿಸಿದರೆ ಹುಳಿ ವಾಸನೆಯ ಕಂದು ನೀರು ಇಳಿಯುತ್ತದೆ. ಅದು ನಿಂತಾಗ ಟಾರು ತಳಕ್ಕೆ ಹೋಗುತ್ತದೆ. ಉಳಿದದ್ದಕ್ಕೆ ಸುಣ್ಣ ಬೆರೆಸಿದರೆ ಒಂದು ಕಡೆ ಕ್ಯಾಲ್ಸಿಯಂ ಅಸಿಟೇಟ್ ಸಿಗುತ್ತದೆ, ಭಟ್ಟಿ ಇಳಿಸಿದರೆ ಮೀಥೈಲ್ ಆಲ್ಕೋಹಾಲ್. ಬಂಡಿಯಲ್ಲಿ ಉಳಿಯುವುದು ಇದ್ದಿಲು. ಅದನ್ನೂ ಗಾಳಿಯಾಡದಂತೆಯೇ ತಣಿಸಿ ಬ್ಲಾಸ್ಟ್ ಫರ್ನೇಸಿಗೆ ಸಾಗಿಸುತ್ತಿದ್ದರು. ಅತ್ತ ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯ ತೊಟ್ಟಿಗಳಲ್ಲಿ ತೂಗುತ್ತ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಪುಟ್ಟ ರೈಲು ಹತ್ತಿ ಬರುತ್ತಿತ್ತು. ಗಂಧಕದ ಅಂಶ ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ ಇದ್ದಿಲಿನ ಬೀಡು ಕಬ್ಬಿಣಕ್ಕೆ ಒಳ್ಳೆಯ ಹೆಸರಿತ್ತು.

ಲೆಕ್ಕಾಚಾರವೂ ಚೆನ್ನಾಗಿಯೇ ಇತ್ತು. ಇದ್ದಿಲಿನ ಖರ್ಚಿನ ಒಂದು ಪಾಲನ್ನು ಆಲ್ಕೋಹಾಲ್, ಅಸಿಟೇಟ್, ಟಾರು ಹೊರುತ್ತವೆ, ಕಬ್ಬಿಣ ಅಗ್ಗವಾಗುತ್ತದೆ. ಯೋಜನೆ ತಯಾರಾದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಆಗ ಅಸಿಟೇಟಿಗೆ ವಿಪರೀತ ಬೇಡಿಕೆ. ಅದರಿಂದ ಅಸಿಟೋನ್ ಮಾಡಬೇಕು, ಅಸಿಟೋನಿನಿಂದ ಕಾರ್ಡೈಟ್ ಎಂಬ ತೋಪಿನ ಮದ್ದು ಮಾಡಬೇಕು. ಕಬ್ಬಿಣಕ್ಕೂ ಯುದ್ಧದ ಬೆಲೆ. ಕುಲುಮೆ ಹೊತ್ತುವಷ್ಟರಲ್ಲಿ ಯುದ್ಧ ಮುಗಿದು ನಾಲ್ಕು ವರ್ಷವಾಗಿತ್ತು. ಎರಡೂ ಬೆಲೆ ಕುಸಿದಿದ್ದವು. ಭದ್ರಾವತಿಯ ಕುಲುಮೆ ಹೊತ್ತಿದ ಅದೇ 1923ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಲ್ಯೂನಾದಲ್ಲಿ ಮರದ ಹಂಗಿಲ್ಲದೆ, ಬರೀ ಅನಿಲಗಳಿಂದ ಮೀಥೈಲ್ ಆಲ್ಕೋಹಾಲ್ ಮಾಡತೊಡಗಿತು. 1925ರಲ್ಲಿ ಆ ಸರಕು ಅಮೆರಿಕದ ಬಂದರಿಗೆ ಇಳಿದಾಗ ಅಲ್ಲಿನ ಮರದ ಭಟ್ಟಿಯವರೇ ಕಂಗಾಲಾದರು. ಮಲೆನಾಡಿನ ಮೂಲೆಯ ಒಂದು ಹೊಸ ಕಾರ್ಖಾನೆ ಆ ಬೆಲೆಗೆ ನಿಲ್ಲುವುದಾದರೂ ಹೇಗೆ?

ಸುಂಕ ಹಾಕಿ ತಡೆಯಬಹುದಿತ್ತಲ್ಲ ಎನ್ನಬಹುದು. ಆ ಅಧಿಕಾರ ಮೈಸೂರಿಗೆ ಇರಲಿಲ್ಲ. ಸಂಸ್ಥಾನಕ್ಕೆ ಸ್ವಂತ ಬಂದರಿಲ್ಲ. ಭಟ್ಕಳದಲ್ಲಿ ಬಂದರು ಮಾಡಿಕೊಳ್ಳುವ ವಿಶ್ವೇಶ್ವರಯ್ಯನವರ ಆಸೆ ಕೈಗೂಡಲಿಲ್ಲ. ಮದರಾಸು, ಮುಂಬಯಿಯಲ್ಲಿ ವಸೂಲಾಗುವ ಸುಂಕದ ನೀತಿ ಬ್ರಿಟಿಷ್ ಸರ್ಕಾರದ ಕೈಯಲ್ಲಿತ್ತು. ಆ ಸರ್ಕಾರ 1924ರಲ್ಲಿ ಉಕ್ಕಿಗೆ ರಕ್ಷಣೆಯ ಕಾಯ್ದೆ ತಂದಿತು, ಜಮ್ಶೆಡ್‌ಪುರ ಉಸಿರಾಡಿತು. ಭದ್ರಾವತಿಯಲ್ಲಿ ಆಗಿನ್ನೂ ಉಕ್ಕು ತಯಾರಾಗುತ್ತಿರಲಿಲ್ಲ, ಬರೀ ಬೀಡು. ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಕಾರ್ಖಾನೆಯನ್ನು ಬಿಳಿಯಾನೆ ಎಂದು ಕರೆಯುವವರು ಹೆಚ್ಚಾದರು.

ಮುಂದೆ ನಡೆದದ್ದೇ ಈ ಕತೆಯ ಮುಖ್ಯ ಭಾಗ. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ಸರ್ಕಾರ ಮತ್ತೆ ಕರೆಸಿ ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿತು. 1923ರಿಂದ 1929ರವರೆಗೆ ಅವರು ಆ ಕೆಲಸ ನೋಡಿಕೊಂಡರು. ದುಬಾರಿ ಸಂಬಳದ ಅಮೆರಿಕನ್ನರ ಜಾಗಕ್ಕೆ ಮೈಸೂರಿನ ಎಂಜಿನಿಯರುಗಳು ಬಂದರು. ಬೀಡನ್ನು ಬೀಡಾಗಿಯೇ ಮಾರಿದರೆ ಗಿಟ್ಟುವುದಿಲ್ಲ ಎಂದು ಕಂಡಾಗ ಪೈಪ್ ಎರಕ ಶುರುವಾಯಿತು. ಊರೂರಿಗೆ ನಲ್ಲಿ ನೀರು ಬರುತ್ತಿದ್ದ ಕಾಲ ಅದು, ಪೈಪಿಗೆ ಗಿರಾಕಿ ಇದ್ದರು. 1936ರಲ್ಲಿ ಉಕ್ಕಿನ ವಿಭಾಗ ಬಂತು. ಅದರ ಬೆನ್ನಿಗೇ ಸಿಮೆಂಟು, ಯುದ್ಧಕಾಲದಲ್ಲಿ ಫೆರೋ-ಸಿಲಿಕಾನ್. ಜೋಗದ ವಿದ್ಯುತ್ 1948ರಲ್ಲಿ ಹರಿದ ಮೇಲೆ, ಇದ್ದಿಲಿನ ಖರ್ಚು ತಗ್ಗಿಸಲು ನಾರ್ವೆ ಮಾದರಿಯ ವಿದ್ಯುತ್ ಕುಲುಮೆಗಳನ್ನು 1952ರಲ್ಲಿ ಹಚ್ಚಿದರು. ಮುಂದೆ ಮಿಶ್ರಲೋಹದ ವಿಶೇಷ ಉಕ್ಕು. ಒಂದು ಸರಕು ಸೋತಾಗ ಇನ್ನೊಂದಕ್ಕೆ ಕೈ ಹಾಕುತ್ತಲೇ ಮೂರು-ನಾಲ್ಕು ದಶಕ ನಡೆಯಿತು. ಇದಕ್ಕೆಲ್ಲ ಸರ್ಕಾರದ ಬೊಕ್ಕಸ ದುಡ್ಡು ಸುರಿಯಿತು, ನಿಜ. ಆದರೆ ದುಡ್ಡು ಸುರಿಯುವವರೂ ತೀರ್ಮಾನ ಮಾಡುವವರೂ ಒಂದು ರಾತ್ರಿಯ ರೈಲು ಪಯಣದಷ್ಟು ದೂರದಲ್ಲಿದ್ದರು. ಕುಲುಮೆಯ ಮುಂದೆ ನಿಂತವರ ಮಾತು ಅವರನ್ನು ತಲುಪುತ್ತಿತ್ತು.

ಕಾಡಿನ ಲೆಕ್ಕವನ್ನು ಮಾತ್ರ ಯಾರೂ ಸರಿಯಾಗಿ ಬರೆದಿಡಲಿಲ್ಲ. ಕಲ್ಲಿದ್ದಲಿಗಾಗಿ ಯಾರ ಮುಂದೆಯೂ ಕೈಚಾಚದೆ ಕಬ್ಬಿಣ ಮಾಡಿದ ಹೆಮ್ಮೆಯ ಹಿಂದೆ ಶಿವಮೊಗ್ಗ, ಚಿಕ್ಕಮಗಳೂರು ಸೀಮೆಯ ಎಷ್ಟೋ ಕಾಡು ಬೋಳಾಗಿತ್ತು. ಸ್ವದೇಶಿ ಎಂದ ಮಾತ್ರಕ್ಕೆ ಅದು ಬಿಟ್ಟಿಯಾಗಿ ಬಂದದ್ದಲ್ಲ.

1936 ಭದ್ರಾವತಿಗೆ ಇನ್ನೊಂದು ಕಾರಣಕ್ಕೂ ದೊಡ್ಡ ವರ್ಷ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಮಿರ್ಜಾ ಇಸ್ಮಾಯಿಲರ ದಿವಾನಗಿರಿ. ಮಂಡ್ಯದಲ್ಲಿ ಸಕ್ಕರೆ, ಬೆಂಗಳೂರಿನಲ್ಲಿ ಬಲ್ಬು, ಪಿಂಗಾಣಿ ಎಂದು ಕಾರ್ಖಾನೆಗಳು ಎದ್ದ ಆ ದಶಕದಲ್ಲಿ ಭದ್ರಾ ದಡಕ್ಕೆ ಮೈಸೂರು ಕಾಗದ ಕಾರ್ಖಾನೆ ಬಂತು. ಊರು ಎರಡು ಹೋಳಾಗಿ ಬೆಳೆಯಿತು: ಕಬ್ಬಿಣದವರ ನ್ಯೂಟೌನ್, ಹುತ್ತಾ ಕಾಲೊನಿ ಒಂದು ಕಡೆ, ಕಾಗದದವರ ಪೇಪರ್ ಟೌನ್, ಉಜ್ಜನಿಪುರ ಇನ್ನೊಂದು ಕಡೆ. ತಮಿಳು, ತೆಲುಗು, ಮಲಯಾಳಂ, ಉರ್ದು ಮಾತಾಡುವ ಮನೆಗಳು ಒಂದೇ ಸಾಲಿನ ಕ್ವಾರ್ಟರ್ಸಿನಲ್ಲಿ ಬದುಕಿದವು. ಪಾಳಿಯ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುವ ಊರದು. ಆಕಾಶವಾಣಿ 1965ರಲ್ಲಿ ಜಿಲ್ಲೆಯ ಕೇಂದ್ರವಾದ ಶಿವಮೊಗ್ಗವನ್ನು ಬಿಟ್ಟು ಭದ್ರಾವತಿಯ ಹೆಸರಲ್ಲಿ ನಿಲಯ ತೆರೆಯಿತೆಂದರೆ ಊರಿನ ತೂಕ ಎಷ್ಟಿತ್ತೆಂದು ತಿಳಿಯುತ್ತದೆ. ಇತ್ತ ಶಿವಮೊಗ್ಗದ ಕೋಟೆ ಬೀದಿ, ಗಾಂಧಿ ಬಜಾರಿನ ಅಂಗಡಿಗಳಿಗೆ ಕಾರ್ಖಾನೆಯ ಸಂಬಳದ ವಾರ ಹಬ್ಬದ ವಾರವಿದ್ದ ಹಾಗೆ.

ಸ್ವತಂತ್ರ ಭಾರತ ಆಮದಿನ ಬಾಗಿಲು ಹಾಕಿತು. ಭದ್ರಾವತಿಗೆ ಅದರಿಂದ ಲಾಭವೇ ಆಯಿತು ಎನ್ನುವುದು ಅರ್ಧ ಸತ್ಯ. 1956ರಿಂದ ಕೇಂದ್ರ ಸರ್ಕಾರ ಉಕ್ಕಿನ ಸಾಗಣೆ ವೆಚ್ಚವನ್ನು ದೇಶದಾದ್ಯಂತ ಸಮ ಮಾಡಿತು. ಜಮ್ಶೆಡ್‌ಪುರದ ಉಕ್ಕು ಅಲ್ಲಿ ಎಷ್ಟಕ್ಕೆ ಸಿಗುತ್ತದೋ ಬೆಂಗಳೂರಿನಲ್ಲೂ ಅಷ್ಟಕ್ಕೇ ಸಿಗಬೇಕೆಂಬ ನೀತಿ. ಬಂಗಾಳ, ಬಿಹಾರದವರು ತಮ್ಮ ಕಲ್ಲಿದ್ದಲ ನಾಡಿಗಿದ್ದ ಅನುಕೂಲ ಹೋಯಿತೆಂದು ಇಂದಿಗೂ ಈ ನೀತಿಯನ್ನು ಶಪಿಸುತ್ತಾರೆ. ಆದರೆ ದಕ್ಷಿಣದ ಮಾರುಕಟ್ಟೆಯ ನಡುವೆಯೇ ಕೂತಿದ್ದ ಭದ್ರಾವತಿಗೂ ಅದರಿಂದ ನಷ್ಟವೇ. ದೂರ ಎಂಬುದೇ ಅದಕ್ಕಿದ್ದ ಸುಂಕದ ಗೋಡೆಯಾಗಿತ್ತು, ಆ ಗೋಡೆಯನ್ನು ದೆಹಲಿ ಕೆಡವಿತು. ದೇಶದ ಒಳಗಿನ ಸರಕಿನಿಂದಲೂ ಒಂದು ಊರು ಸೋಲಬಹುದು ಎಂಬುದನ್ನು ನಾವು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ.

ಸರ್ಕಾರಿ ಇಲಾಖೆಯಂತಿದ್ದ ಕಾರ್ಖಾನೆ 1962ರಲ್ಲಿ ಕಂಪನಿಯಾಯಿತು, 1970ರ ದಶಕದ ನಡುವೆ ವಿಶ್ವೇಶ್ವರಯ್ಯನವರ ಹೆಸರು ಪಡೆದು ವಿಐಎಸ್‌ಎಲ್ ಆಯಿತು. ಸಾಲದ ಹೊರೆ ಹೊರಲಾರದೆ ರಾಜ್ಯ ಅದನ್ನು 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರ ಸೇಲ್‌ಗೆ ಒಪ್ಪಿಸಿತು. 1998ರಲ್ಲಿ ಅದು ಪೂರ್ತಿ ಸೇಲ್‌ನಲ್ಲಿ ವಿಲೀನವಾಯಿತು. ಭಿಲಾಯಿ, ಬೊಕಾರೊ, ರೂರ್ಕೆಲಾಗಳ ಪಂಕ್ತಿಯಲ್ಲಿ ಭದ್ರಾವತಿಗೆ ಸಿಕ್ಕಿದ್ದು ಕೊನೆಯ ಎಲೆ. ವರ್ಷಕ್ಕೆ ಒಂದೂಕಾಲು ಲಕ್ಷ ಟನ್ ಕಚ್ಚಾ ಉಕ್ಕನ್ನೂ ಮುಟ್ಟದ ಘಟಕ ಅದು. ಅದೇ ರಾಜ್ಯದ ತೋರಣಗಲ್ಲಿನಲ್ಲಿ ಜಿಂದಾಲ್ ಕಾರ್ಖಾನೆ 1 ಕೋಟಿ ಟನ್ನಿನಾಚೆಗೆ ಬೆಳೆಯಿತು. ಅಲ್ಲಿಗೆ ಕೋಕಿಂಗ್ ಕಲ್ಲಿದ್ದಲು ಹಡಗಿನಲ್ಲಿ ಆಸ್ಟ್ರೇಲಿಯಾದಂಥ ದೂರದಿಂದ ಬರುತ್ತದೆ. ದೇಶದ ಕೋಕಿಂಗ್ ಕಲ್ಲಿದ್ದಲಿನ ಬಹುಪಾಲು ಇಂದಿಗೂ ಆಮದು. ಕಲ್ಲಿದ್ದಲಿಲ್ಲದೆ ಕಬ್ಬಿಣ ಮಾಡುವ ವಿದ್ಯೆಯಿದ್ದ ಊರು ಹಿಂದೆ ಬಿತ್ತು, ಕಲ್ಲಿದ್ದಲನ್ನು ಹಡಗಿನಿಂದ ತರಿಸಿಕೊಂಡ ಊರು ಮುಂದೆ ಹೋಯಿತು.

ಭದ್ರಾವತಿಗೆ ಎಲ್ಲಕ್ಕಿಂತ ಹೆಚ್ಚು ಕೊರೆದದ್ದು ಅದಿರಿನ ಕೊರತೆ. ಕೆಮ್ಮಣ್ಣುಗುಂಡಿಯ ಗಣಿ ನಿಂತಿತು. ಅದೀಗ ಗಿರಿಧಾಮ, ರಜಾ ದಿನ ಕಾರುಗಳು ಸಾಲುಗಟ್ಟುವ ಜಾಗ. ಬೆಟ್ಟದ ಕಾಡಿಗೆ ಇದು ಒಳ್ಳೆಯದೇ ಆಯಿತು. ಆದರೆ ಬದಲಿ ಗಣಿಯನ್ನು ಸಕಾಲಕ್ಕೆ ಯಾರೂ ಕೊಡಲಿಲ್ಲ. ಅದಿರು, ಕೋಕು ಎರಡನ್ನೂ ಪೇಟೆ ಬೆಲೆಗೆ ಕೊಳ್ಳಬೇಕಾದ ಪುಟ್ಟ ಕಾರ್ಖಾನೆ ವರ್ಷ ವರ್ಷ ನಷ್ಟ ತೋರಿಸಿತು. 2011ರಲ್ಲಿ ಅಕ್ರಮದ ಕಾರಣಕ್ಕೆ ಬಳ್ಳಾರಿಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿದಾಗ ಅದಿರಿನ ಪೇಟೆಯೇ ಅಲ್ಲೋಲಕಲ್ಲೋಲವಾಯಿತು. ಅಲ್ಲಿಯವರೆಗೆ ಅದೇ ಬಳ್ಳಾರಿಯ ಅದಿರು ಲಾರಿ ಲಾರಿಯಾಗಿ ಬಂದರಿಗೆ ಹೋಗಿ ಚೀನಾ ಸೇರಿತ್ತು. 2015ರಲ್ಲಿ ಚೀನಾದ ಅಗ್ಗದ ಉಕ್ಕು ಭಾರತಕ್ಕೆ ಬಂದು ಬಿದ್ದಾಗ ಕೇಂದ್ರ ರಕ್ಷಣಾ ಸುಂಕ ಹಾಕಿತು, 2016ರಲ್ಲಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. 1924ರಂತೆಯೇ ಈ ಸಲವೂ ಉಸಿರು ಬಂದದ್ದು ದೊಡ್ಡವರಿಗೆ.

ಕಾಗದದ ಕತೆ ಇನ್ನೂ ನೇರ. ಮೈಸೂರು ಕಾಗದ ಕಾರ್ಖಾನೆ, ಅಂದರೆ ಎಂಪಿಎಂ, 1977ರಲ್ಲಿ ಸರ್ಕಾರಿ ಕಂಪನಿಯಾಯಿತು. 1980ರ ದಶಕದಲ್ಲಿ ಅಲ್ಲಿ ನ್ಯೂಸ್‌ಪ್ರಿಂಟ್ ತಯಾರಾಗತೊಡಗಿತು. ವರ್ಷಕ್ಕೆ 75,000 ಟನ್ ಪತ್ರಿಕಾ ಕಾಗದದ ಸಾಮರ್ಥ್ಯ. ಜೊತೆಗೆ ಬರೆಯುವ ಕಾಗದ. ಸಕ್ಕರೆ ಘಟಕವೂ ಇದ್ದುದರಿಂದ ಕಬ್ಬಿನ ಸಿಪ್ಪೆ ತಿರುಳಿಗೆ ಸಿಗುತ್ತಿತ್ತು. ನೀಲಗಿರಿ, ಅಕೇಶಿಯಾ ಬೆಳೆಸಲು ಸರ್ಕಾರ ಸುಮಾರು 20,000 ಹೆಕ್ಟೇರ್ ಅರಣ್ಯ ಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಟ್ಟಿತು.

ಆಗಿನ ಕಾಲಕ್ಕೆ ಪತ್ರಿಕಾ ಕಾಗದ ಎಂದರೆ ರೇಷನ್ ಅಂಗಡಿಯ ಸಕ್ಕರೆ. ಆಮದೆಲ್ಲ ಸರ್ಕಾರದ ವ್ಯಾಪಾರ ನಿಗಮದ ಮೂಲಕವೇ. 1962ರ ನಿಯಂತ್ರಣ ಆದೇಶದಡಿ ಯಾವ ಪತ್ರಿಕೆಗೆ ಎಷ್ಟು ಕಾಗದ ಎಂಬುದನ್ನು ದೆಹಲಿ ಹೇಳುತ್ತಿತ್ತು. ಹತ್ತು ಪುಟ ಮೀರಬಾರದೆಂಬ ನಿಯಮದ ವಿರುದ್ಧ ಪತ್ರಿಕೆಗಳು ಸುಪ್ರೀಂ ಕೋರ್ಟಿಗೆ ಹೋಗಿ 1972ರಲ್ಲಿ ಗೆದ್ದವು. ಹೊರಗಿನ ಕಾಗದ ತರಿಸಬೇಕಾದರೆ ಇಂತಿಷ್ಟು ದೇಶೀ ಕಾಗದ ಕೊಳ್ಳಲೇಬೇಕೆಂಬ ಷರತ್ತೂ ಇತ್ತು. ಈ ಷರತ್ತೇ ಎಂಪಿಎಂನ ಮಾರುಕಟ್ಟೆ ವಿಭಾಗ ಎಂದರೂ ತಪ್ಪಾಗದು. 1995ರ ಹೊತ್ತಿಗೆ ಆಮದು ಮುಕ್ತವಾಯಿತು. ಕೆನಡಾ, ರಷ್ಯಾದ ದೊಡ್ಡ ಗಿರಣಿಗಳ ಕಾಗದ, ಹೆಚ್ಚು ಬಿಳುಪು, ವೇಗದ ಅಚ್ಚುಯಂತ್ರದಲ್ಲಿ ಹರಿಯದ ಸುರುಳಿ, ಬಾಗಿಲಿಗೇ ಬಂದಿತು. ಪತ್ರಿಕೆಗಳು ಬಣ್ಣಕ್ಕೆ ತಿರುಗಿದ್ದ ಕಾಲ ಅದು. 2009ರ ನಂತರ ಹತ್ತು ವರ್ಷ ಸುಂಕವೂ ಇರಲಿಲ್ಲ. ಎಂಪಿಎಂ ಯಂತ್ರಗಳು ಹಳತಾಗಿದ್ದವು, ವಿದ್ಯುತ್ತು, ಕಲ್ಲಿದ್ದಲಿನ ಖರ್ಚು ಏರಿತ್ತು, ಹೊಸದಕ್ಕೆ ಬಂಡವಾಳ ಹಾಕುವವರಿರಲಿಲ್ಲ. 2015ರ ನವೆಂಬರಿನಲ್ಲಿ ಯಂತ್ರಗಳು ನಿಂತವು. ನೌಕರರಲ್ಲಿ ಕೆಲವರು ಸ್ವಯಂ ನಿವೃತ್ತಿ ಪಡೆದರು, ಕೆಲವರು ಬೇರೆ ಇಲಾಖೆಗಳಿಗೆ ನಿಯೋಜನೆಗೊಂಡರು. ಪೇಪರ್ ಟೌನಿನ ಕ್ವಾರ್ಟರ್ಸ್ ಸಾಲುಗಳಲ್ಲಿ ಗಿಡಗಂಟಿ ಬೆಳೆಯಿತು. ಕೇರಳದ ಹಿಂದೂಸ್ತಾನ್ ನ್ಯೂಸ್‌ಪ್ರಿಂಟ್‌ಗೂ ಕೆಲವೇ ವರ್ಷಗಳಲ್ಲಿ ಅದೇ ಗತಿಯಾಯಿತು.

ಪತ್ರಿಕೆಗಳ ಮಾಲೀಕರು ಈ ಮಾತನ್ನು ಒಪ್ಪಲಾರರು, ಆದರೂ ಹೇಳಬೇಕು. 2019ರಲ್ಲಿ ಕೇಂದ್ರ ಶೇಕಡ 10 ಸುಂಕ ಹಾಕಿದಾಗ ಪತ್ರಿಕಾ ಸಂಘಟನೆಗಳು ಗುಲ್ಲೆಬ್ಬಿಸಿದವು. ಮರುವರ್ಷ ಅದು 5ಕ್ಕೆ ಇಳಿಯಿತು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾಗಿ ರಷ್ಯಾದ ಕಾಗದಕ್ಕೆ ಅಡ್ಡಿಯಾದಾಗ ಟನ್ ಕಾಗದದ ಬೆಲೆ ಎರಡು ವರ್ಷದ ಹಿಂದಿನದರ ಎರಡು ಪಟ್ಟನ್ನೂ ದಾಟಿತು. ಆಗ ಸಣ್ಣ ಕನ್ನಡ ಪತ್ರಿಕೆಗಳೂ ಪುಟ ಕತ್ತರಿಸಿದವು. ದೇಶೀ ಗಿರಣಿ ಅಗ್ಗಕ್ಕೆ ಕೊಡಲಾರದೇ ಇರಬಹುದು. ಆದರೆ ಅದು ಇದ್ದರೆ ಹೊರಗಿನವನು ಕೇಳಿದಷ್ಟು ಕೊಡುವ ಗತಿ ಬರುವುದಿಲ್ಲ. ಈ ಲೆಕ್ಕ ಯಾವ ಲಾಭ-ನಷ್ಟದ ಪಟ್ಟಿಯಲ್ಲೂ ಕಾಣುವುದಿಲ್ಲ.

ವಿಐಎಸ್‌ಎಲ್ ಕೊನೆಯ ಅಂಕ ದೆಹಲಿಯ ಕಡತಗಳಲ್ಲೇ ನಡೆಯಿತು. 2016ರಲ್ಲಿ ಮಾರಾಟಕ್ಕೆ ತಾತ್ವಿಕ ಒಪ್ಪಿಗೆ, 2019ರಲ್ಲಿ ಖರೀದಿದಾರರಿಗೆ ಆಹ್ವಾನ, 2022ರ ಅಕ್ಟೋಬರಿನಲ್ಲಿ ಆ ಪ್ರಕ್ರಿಯೆ ರದ್ದು. 2023ರ ಜನವರಿಯಲ್ಲಿ, ಅಂದರೆ ಕುಲುಮೆ ಹೊತ್ತಿ ನೂರು ವರ್ಷ ತುಂಬಿದ ತಿಂಗಳಲ್ಲೇ, ಸೇಲ್ ಆಡಳಿತ ಮಂಡಳಿ ಕಾರ್ಖಾನೆ ಮುಚ್ಚುವ ತೀರ್ಮಾನ ಮಾಡಿತು. ಆಗ ಉಳಿದಿದ್ದ ಖಾಯಂ ನೌಕರರು ಮುನ್ನೂರರ ಒಳಗೆ. ಗುತ್ತಿಗೆ ಕಾರ್ಮಿಕರು ಸಾವಿರದ ಮುನ್ನೂರರ ಆಸುಪಾಸು. ಗುತ್ತಿಗೆಯವರು ಗೇಟಿನ ಮುಂದೆ ಧರಣಿ ಕೂತರು. ಊರೂ ಅವರ ಜೊತೆ ನಿಂತಿತು. ಆಮೇಲೆ ಅಲ್ಪಸ್ವಲ್ಪ ಕೆಲಸ ಮತ್ತೆ ಶುರುವಾಯಿತು. 2024ರಲ್ಲಿ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಬಂದು ನೋಡಿ ಪುನಶ್ಚೇತನದ ಮಾತಾಡಿದರು. ಭಾರತ ಜಗತ್ತಿನ ಎರಡನೆಯ ಅತಿ ದೊಡ್ಡ ಉಕ್ಕು ತಯಾರಕ ದೇಶವಾಗಿದ್ದರೂ 2023-24ರಲ್ಲಿ ರಫ್ತಿಗಿಂತ ಹೆಚ್ಚು ಸಿದ್ಧ ಉಕ್ಕನ್ನು ಆಮದು ಮಾಡಿಕೊಂಡಿತ್ತು. ಅಂದರೆ ಬೇಡಿಕೆಗೆ ಬರವಿಲ್ಲ.

ಇಷ್ಟರ ನಡುವೆ ಒಂದು ತೀರ್ಮಾನ ಮಾತ್ರ ತಡವಾಗದೆ ಆಯಿತು. ಎಂಪಿಎಂ ಯಂತ್ರ ನಿಂತು ಐದು ವರ್ಷವಾದ ಮೇಲೆ, 2020ರಲ್ಲಿ, ರಾಜ್ಯ ಸರ್ಕಾರ ಆ 20,000 ಹೆಕ್ಟೇರ್ ನೆಡುತೋಪಿನ ಗುತ್ತಿಗೆಯನ್ನು ಮತ್ತೆ 40 ವರ್ಷಕ್ಕೆ ವಿಸ್ತರಿಸಿತು. ಮಲೆನಾಡಿನ ಜನ 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಎಂದು ಬೀದಿಗಿಳಿದರು. ಕಾಗದವಿಲ್ಲದ ಕಾರ್ಖಾನೆಗೆ ಕಾಗದದ ಮರ ಯಾಕೆ ಎಂಬ ಅವರ ಪ್ರಶ್ನೆಗೆ ಸಮಾಧಾನದ ಉತ್ತರ ಬರಲಿಲ್ಲ.

ಕಾರ್ಖಾನೆ ತೆರೆಯುತ್ತೇವೆ ಎಂದು ಯಾವ ಪಕ್ಷದವರೇ ಭದ್ರಾವತಿಗೆ ಬಂದರೂ ಊರಿನವರು ಹಾರ ಹಾಕುವ ಮೊದಲು ಮೂರು ವಿಷಯ ಕೇಳಲಿ. ಅದಿರು ಎಲ್ಲಿಂದ ಬರುತ್ತದೆ? ಅಲ್ಲಿ ತಯಾರಾಗುವುದನ್ನು ಕೊಳ್ಳುವವರು ಯಾರು? ನಾಳೆ ಆ ಸರಕಿನ ಬೆಲೆ ಬಿದ್ದರೆ ಬೇರೆಯದಕ್ಕೆ ತಿರುಗುವ ತೀರ್ಮಾನ ಯಾರ ಕೈಯಲ್ಲಿರುತ್ತದೆ? 1925ರಲ್ಲಿ ಮೂರನೆಯ ಪ್ರಶ್ನೆಗೆ ಉತ್ತರವಿತ್ತು, ಅದಕ್ಕೇ ಕಾರ್ಖಾನೆ ಇನ್ನೂ ತೊಂಬತ್ತಕ್ಕೂ ಹೆಚ್ಚು ವರ್ಷ ನಡೆಯಿತು.